ರಕ್ತನಾಳಕ್ಕಿಳಿದ ಹೊಗೆ



ಎಣ್ಣೆ, ಬೆಣ್ಣೆ, ಉಪ್ಪು, ಸಕ್ಕರೆ. ಹೃದ್ರೋಗದ ಮಾತು ಬಂದಾಗಲೆಲ್ಲ ನಮ್ಮ ಕಣ್ಣು ಮೊದಲು ಹೋಗುವುದು ರೋಗಿಯ ತಟ್ಟೆಯ ಕಡೆಗೆ. ಆಮೇಲೆ ಬೀಡಿ ಸಿಗರೇಟು, ಕುಡಿತ, ವ್ಯಾಯಾಮ, ಬಿಪಿ, ಶುಗರ್, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂಬ ವಿಚಾರಣೆ. ಇವೆಲ್ಲ ಸರಿಯೇ. ಆದರೆ ಇವೆಲ್ಲಕ್ಕೂ ‘ಇಲ್ಲ’ ಎಂದು ಉತ್ತರಿಸಿದ ರೋಗಿಯ ಎದುರು ಕೈಚೆಲ್ಲಿ ಕುಳಿತ ಅನುಭವ ಇಲ್ಲಿರುವ ಪ್ರತಿ ವೈದ್ಯರಿಗೂ ಇದೆ. ‘ಯಾವ ಚಟವೂ ಇಲ್ಲ ಸಾರ್, ಆದರೂ ಹೀಗಾಯ್ತಲ್ಲ’ ಎಂದು ರೋಗಿಯ ಹೆಂಡತಿ ಕೇಳುತ್ತಾರೆ. ನಾವು ಟೆನ್ಷನ್ ಎನ್ನುತ್ತೇವೆ, ಅಥವಾ ಹಣೆಬರಹ ಎನ್ನುತ್ತೇವೆ. ಆ ಮನುಷ್ಯ ಮೂವತ್ತು ವರ್ಷ ಯಾವ ಗಾಳಿಯಲ್ಲಿ ಉಸಿರಾಡಿದ ಎಂದು ವಿಚಾರಿಸುವುದಿಲ್ಲ.

ಇದು ವೈದ್ಯರ ಅಸಡ್ಡೆಯಷ್ಟೇ ಅಲ್ಲ, ನಾವು ಓದಿದ ಪಾಠವೇ ಹಾಗಿತ್ತು. 2004ರಲ್ಲಿ ಕೆನಡಾದ ಸಲೀಂ ಯೂಸುಫ್ ನೇತೃತ್ವದ ‘ಇಂಟರ್‌ಹಾರ್ಟ್’ ಅಧ್ಯಯನ ಪ್ರಕಟವಾಯಿತು. 52 ದೇಶಗಳಲ್ಲಿ ಮೊದಲ ಬಾರಿ ಹೃದಯಾಘಾತವಾದ ಸುಮಾರು 15 ಸಾವಿರ ಜನರನ್ನೂ ಹೆಚ್ಚುಕಡಿಮೆ ಅಷ್ಟೇ ಮಂದಿ ಆರೋಗ್ಯವಂತರನ್ನೂ ಹೋಲಿಸಿ, ಒಂಬತ್ತು ಕಾರಣಗಳು ಸೇರಿದರೆ ಹೃದಯಾಘಾತದ ಅಪಾಯದ ಶೇ. 90ರಷ್ಟು ಲೆಕ್ಕಕ್ಕೆ ಸಿಗುತ್ತದೆ ಎಂದು ಅದು ಹೇಳಿತು. ಆ ಒಂಬತ್ತನ್ನು ನಮ್ಮ ವಿದ್ಯಾರ್ಥಿಗಳು ಈಗಲೂ ಬಾಯಿಪಾಠ ಒಪ್ಪಿಸುತ್ತಾರೆ. ಅದೊಂದು ಮಹತ್ವದ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಒಂಬತ್ತರಲ್ಲಿ ಗಾಳಿ ಇರಲಿಲ್ಲ. ಹದಿನೈದು ವರ್ಷದ ನಂತರ, 2019ರಲ್ಲಿ, ಅದೇ ಯೂಸುಫ್ ಮತ್ತು ಸಂಗಡಿಗರು 21 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಪ್ಯೂರ್’ ಅಧ್ಯಯನದ ಫಲಿತಾಂಶ ಕೊಟ್ಟಾಗ ಒಲೆಯ ಹೊಗೆ ಪಟ್ಟಿಗೆ ಸೇರಿತ್ತು. ಮರುವರ್ಷ ಅದೇ ಅಧ್ಯಯನದ ಇನ್ನೊಂದು ವರದಿ ಹೊರಗಿನ ಗಾಳಿಯ ಸೂಕ್ಷ್ಮ ದೂಳನ್ನೂ ಲೆಕ್ಕಕ್ಕೆ ತಂದಿತು: ಘನ ಮೀಟರಿಗೆ 10 ಮೈಕ್ರೊಗ್ರಾಂ ದೂಳು ಹೆಚ್ಚಾದರೆ ಹೃದಯಾಘಾತ, ಲಕ್ವದಂಥ ಘಟನೆಗಳು ಶೇ. 5ರಷ್ಟು ಹೆಚ್ಚು. ಈ ಅಧ್ಯಯನದ ಭಾರತದ ಕೇಂದ್ರಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಒಂದು. ಅಂದರೆ ಆ ಅಂಕಿಗಳಲ್ಲಿ ನಮ್ಮ ಜನರ ರಕ್ತವೂ ಉಸಿರೂ ಇದೆ.

ಶೇ. 5 ಎಂದರೆ ಕಡಿಮೆ ಅನ್ನಿಸಬಹುದು. ಸಿಗರೇಟು ಇದಕ್ಕಿಂತ ಎಷ್ಟೋ ಪಟ್ಟು ಅಪಾಯಕಾರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಸಿಗರೇಟು ಸೇದುವವರು ಕೆಲವರು, ಗಾಳಿ ಸೇವಿಸುವವರು ಎಲ್ಲರೂ. ತೊಟ್ಟಿಲಿನ ಮಗುವಿನಿಂದ ಹಿಡಿದು ಬೈಪಾಸ್ ಆಗಿ ಮನೆಗೆ ಬಂದ ಅಜ್ಜನವರೆಗೆ ಯಾರಿಗೂ ‘ನನಗೆ ಬೇಡ’ ಎನ್ನುವ ಅವಕಾಶವಿಲ್ಲ. ಚಿಕ್ಕ ಅಪಾಯವನ್ನು ಕೋಟ್ಯಂತರ ಜನರ ಮೇಲೆ ಹರಡಿದರೆ ಲೆಕ್ಕ ದೊಡ್ಡದಾಗುತ್ತದೆ. ಭಾರತದಲ್ಲಿ 2019ರ ಒಂದೇ ವರ್ಷ ಸುಮಾರು 16.7 ಲಕ್ಷ ಸಾವುಗಳಿಗೆ ವಾಯುಮಾಲಿನ್ಯ ಕಾರಣ ಎಂದು ನಮ್ಮದೇ ರಾಜ್ಯವಾರು ರೋಗಹೊರೆ ಅಧ್ಯಯನ ಅಂದಾಜು ಮಾಡಿದೆ. ಅದರಲ್ಲಿ ಹೃದಯದ ಮತ್ತು ಮೆದುಳಿನ ರಕ್ತನಾಳಗಳ ಕಾಯಿಲೆಯ ಪಾಲು ದೊಡ್ಡದು. ಹೊಗೆ ಎಂದರೆ ಕೆಮ್ಮು, ದಮ್ಮು ಎಂದಷ್ಟೇ ತಿಳಿದವರಿಗೆ ಈ ಮಾತು ಹೊಸದು.

ಗಾಳಿಗೂ ಹೃದಯಕ್ಕೂ ನಂಟಿದೆ ಎಂಬುದು ಹೊಳೆದದ್ದು ಸಾವಿನ ದಫ್ತರಗಳಿಂದ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರದ ಮೇಲೆ ಕಲ್ಲಿದ್ದಲ ಹೊಗೆ ಮಂಜಿನೊಂದಿಗೆ ಬೆರೆತು ಕವುಚಿಕೊಂಡಿತು. ಗಾಳಿ ಅಲುಗಲಿಲ್ಲ. ಶವಪೆಟ್ಟಿಗೆಗಳು ಸಾಲದೆ ಬಂದಾಗ ಏನೋ ಆಗಿದೆ ಎಂದು ಜನಕ್ಕೆ ಗೊತ್ತಾಯಿತು. ಮೊದಲ ಲೆಕ್ಕ 4 ಸಾವಿರ. ಮುಂದಿನ ವಾರಗಳಲ್ಲೂ ಸಾವು ಇಳಿಯದಿದ್ದಾಗ ಸರ್ಕಾರ ಅದನ್ನು ಫ್ಲೂ ತಲೆಗೆ ಕಟ್ಟಿತು. ಅರ್ಧ ಶತಮಾನದ ನಂತರ ಮತ್ತೆ ಲೆಕ್ಕ ಹಾಕಿದಾಗ 12 ಸಾವಿರದವರೆಗೂ ಇರಬಹುದು ಎಂದಾಯಿತು. ಸತ್ತವರಲ್ಲಿ ಹೃದ್ರೋಗಿಗಳೂ ಬಹಳ ಮಂದಿ ಇದ್ದರು. ನಾಲ್ಕು ವರ್ಷದಲ್ಲಿ ಬ್ರಿಟನ್ ಶುದ್ಧ ಗಾಳಿ ಕಾಯ್ದೆ ತಂದಿತು.

ಲಂಡನ್ನಿನದು ಕಣ್ಣಿಗೆ ಕಾಣುವ ಹೊಗೆ. ಕಾಣದ ದೂಳು ಕೊಲ್ಲುತ್ತದೆ ಎಂದು ತೋರಿಸಿದ್ದು ಅಮೆರಿಕದ ಆರು ಊರುಗಳ ಅಧ್ಯಯನ. ಹಾರ್ವರ್ಡ್‌ನ ಡಗ್ಲಸ್ ಡಾಕರಿ ಮತ್ತು ಸಂಗಡಿಗರು ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಗಮನಿಸಿ 1993ರಲ್ಲಿ ವರದಿ ಮಾಡಿದರು. ಸಿಗರೇಟು, ವಯಸ್ಸು, ತೂಕ ಎಲ್ಲವನ್ನೂ ಕಳೆದ ಮೇಲೂ, ಉಕ್ಕಿನ ಕಾರ್ಖಾನೆಗಳ ಊರಾದ ಒಹಾಯೊದ ಸ್ಟೂಬನ್‌ವಿಲ್‌ನಲ್ಲಿ ಸಾವಿನ ದರ ವಿಸ್ಕಾನ್ಸಿನ್‌ನ ಪೋರ್ಟೇಜ್‌ಗಿಂತ ಶೇ. 26 ಹೆಚ್ಚಿತ್ತು. ಕಾರ್ಖಾನೆ ಮಾಲೀಕರು ಗಲಾಟೆ ಮಾಡಿದರು, ಅಂಕಿಗಳನ್ನು ಬೇರೆಯವರ ಕೈಗೆ ಕೊಟ್ಟು ಮರುಪರೀಕ್ಷೆ ಮಾಡಿಸಲಾಯಿತು, ಉತ್ತರ ಅದೇ ಬಂತು. 2004ರಲ್ಲಿ ಮೊದಲ ಸಲ, 2010ರಲ್ಲಿ ಇನ್ನೂ ಖಚಿತವಾಗಿ, ಅಮೆರಿಕದ ಹೃದ್ರೋಗ ಸಂಘ ಸೂಕ್ಷ್ಮ ದೂಳನ್ನು ಹೃದ್ರೋಗದ ಕಾರಣಗಳ ಸಾಲಿಗೆ ಸೇರಿಸಿತು.

ಇನ್ನು ಮೂಲ ಪ್ರಶ್ನೆ. ದೂಳು ಹೋಗುವುದು ಶ್ವಾಸಕೋಶಕ್ಕೆ, ಕೆಡುವುದು ಹೃದಯ. ಇದು ಹೇಗೆ?

ನಾವು ದಿನಕ್ಕೆ ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ ಎಳೆದುಕೊಳ್ಳುತ್ತೇವೆ. ರಸ್ತೆಯಲ್ಲಿ ಕಣ್ಣಿಗೆ ಬೀಳುವ ದಪ್ಪ ದೂಳನ್ನು ಮೂಗು, ಗಂಟಲು ತಡೆಯುತ್ತವೆ, ಕಫದೊಂದಿಗೆ ಹೊರಹಾಕುತ್ತವೆ. ಪಿಎಂ 2.5 ಎನ್ನುವುದು ಎರಡೂವರೆ ಮೈಕ್ರಾನ್‌ಗಿಂತ ಚಿಕ್ಕ ಕಣ, ನಮ್ಮ ತಲೆಗೂದಲ ದಪ್ಪದ ಇಪ್ಪತ್ತೈದು ಮೂವತ್ತನೆಯ ಒಂದು ಪಾಲು. ಅದು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಹೋಗುತ್ತದೆ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಒಂದು ಮೈಕ್ರಾನ್‌ಗಿಂತಲೂ ತೆಳು. ಆಮ್ಲಜನಕ ದಾಟಲೆಂದೇ ಅಷ್ಟು ತೆಳುವಾಗಿರುವ ಆ ಗೋಡೆಯ ಪಕ್ಕದಲ್ಲೇ ಹೃದಯ ಪಂಪು ಮಾಡಿದ ಅಷ್ಟೂ ರಕ್ತ, ನಿಮಿಷಕ್ಕೆ ಸುಮಾರು ಐದು ಲೀಟರ್, ಹರಿದುಹೋಗುತ್ತದೆ. ಮೊದಲ ದಾರಿ ಇದೇ: ಅಲ್ಲಿ ಆದ ಯಾವ ಉರಿಯೂತವೂ ಅಲ್ಲೇ ಉಳಿಯುವುದಿಲ್ಲ. ದೂಳಿನ ಕಣಗಳನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಬಿಡುವ ರಾಸಾಯನಿಕಗಳು ರಕ್ತಕ್ಕಿಳಿದು ಇಡೀ ಮೈಯ ನಾಳಗಳ ಒಳಪೊರೆಯನ್ನು ಕೆರಳಿಸುತ್ತವೆ. ಆರೋಗ್ಯವಂತ ಒಳಪೊರೆ ನೈಟ್ರಿಕ್ ಆಕ್ಸೈಡ್ ಬಿಡುತ್ತ ನಾಳವನ್ನು ಸಡಿಲವಾಗಿಡುತ್ತದೆ, ರಕ್ತ ಅಂಟದಂತೆ ನೋಡಿಕೊಳ್ಳುತ್ತದೆ. ಕೆರಳಿದ ಒಳಪೊರೆ ಈ ಎರಡೂ ಕೆಲಸದಲ್ಲಿ ಸೋಲುತ್ತದೆ. ಕೆಟ್ಟ ಕೊಲೆಸ್ಟರಾಲ್ ಆಕ್ಸಿಡೀಕರಣಗೊಂಡು ಗೋಡೆಯೊಳಗೆ ಸೇರುತ್ತದೆ, ಅದನ್ನು ನುಂಗಿದ ಜೀವಕೋಶಗಳು ಕೊಬ್ಬು ತುಂಬಿಕೊಂಡು ಅಲ್ಲೇ ಸಾಯುತ್ತವೆ, ಗೋಡೆ ದಪ್ಪವಾಗುತ್ತದೆ. ಹೀಗೆ ವರ್ಷಗಟ್ಟಲೆ ಬೆಳೆದ ಕೊಬ್ಬಿನ ಗಂಟು ಒಂದು ದಿನ ಕುರು ಒಡೆದಂತೆ ಒಡೆಯುತ್ತದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೃದಯದ ನಾಳದಲ್ಲಾದರೆ ಹೃದಯಾಘಾತ, ಮೆದುಳಿನ ನಾಳದಲ್ಲಾದರೆ ಲಕ್ವ.

ಎರಡನೆಯ ದಾರಿ ನರಗಳದ್ದು. ಶ್ವಾಸನಾಳದ ನರಗಳು ಕೆರಳಿದಾಗ ಮೈ ಗಾಬರಿಯ ಸ್ಥಿತಿಗೆ ಹೋಗುತ್ತದೆ: ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಎದೆಬಡಿತದ ಲಯ ತಪ್ಪುವ ಸಂಭವ ಹೆಚ್ಚುತ್ತದೆ. ಇದಕ್ಕೆ ವರ್ಷಗಳು ಬೇಡ, ಗಂಟೆಗಳು ಸಾಕು.

ಮೂರನೆಯ ದಾರಿ ಎಂದರೆ ಕಣಗಳೇ ನೇರವಾಗಿ ರಕ್ತಕ್ಕೆ ಹೋಗುವುದು. ಇದನ್ನು ಬಹಳ ಕಾಲ ಊಹೆ ಎನ್ನುತ್ತಿದ್ದರು. ಎಡಿನ್‌ಬರೊದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಮಸಿಯನ್ನು ರಕ್ತದಲ್ಲಿ ಗುರುತಿಸುವುದು ಕಷ್ಟ. ಆದ್ದರಿಂದ ಅವರು ಮೈಗೆ ಹಾನಿ ಮಾಡದ, ಸುಲಭವಾಗಿ ಪತ್ತೆಯಾಗುವ ಬಂಗಾರವನ್ನು ಅತಿ ಸೂಕ್ಷ್ಮ ಕಣಗಳಾಗಿ ಗಾಳಿಯಲ್ಲಿ ಬೆರೆಸಿ ಸ್ವಯಂಸೇವಕರಿಗೆ ಉಸಿರಾಡಲು ಕೊಟ್ಟರು. ದಿನ ಕಳೆಯುವುದರೊಳಗೆ ಬಂಗಾರ ರಕ್ತದಲ್ಲಿ ಸಿಕ್ಕಿತು. ಮೂರು ತಿಂಗಳ ನಂತರವೂ ಮೂತ್ರದಲ್ಲಿ ಬರುತ್ತಲೇ ಇತ್ತು. ಆಮೇಲೆ ಕತ್ತಿನ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಕಾದಿದ್ದ, ಲಕ್ವದ ಅಪಾಯದಲ್ಲಿದ್ದ ರೋಗಿಗಳು ಇದೇ ಗಾಳಿ ಸೇವಿಸಿದರು. ಶಸ್ತ್ರವೈದ್ಯರು ನಾಳ ಬಿಡಿಸಿ ಹೊರತೆಗೆದ ಕೊಬ್ಬಿನ ಗಂಟನ್ನು ಪರೀಕ್ಷಿಸಿದರೆ, ಬಂಗಾರ ಅಲ್ಲಿ ಬಂದು ಕುಳಿತಿತ್ತು. ನಾಳ ಎಲ್ಲಿ ರೋಗಗ್ರಸ್ತವೋ ಅಲ್ಲೇ ಕಣ ಸೇರುತ್ತದೆ. ನಾವು ಸೇವಿಸುವುದು ಬಂಗಾರವಲ್ಲ, ಡೀಸೆಲ್ ಮಸಿ.

ಡೀಸೆಲ್ ಹೊಗೆಯನ್ನೇ ನೇರವಾಗಿ ಪರೀಕ್ಷಿಸಿದ ಕೆಲಸದಲ್ಲೂ ಅದೇ ಊರಿನ ಸಂಶೋಧಕರಿದ್ದರು. 2007ರ ವರದಿ ಅದು. ಹಿಂದೆ ಹೃದಯಾಘಾತವಾಗಿ ಚೇತರಿಸಿಕೊಂಡಿದ್ದ 20 ಗಂಡಸರು ಒಂದು ಕೋಣೆಯಲ್ಲಿ ಒಂದು ಗಂಟೆ, ನಡುನಡುವೆ ಸೈಕಲ್ ತುಳಿಯುತ್ತ, ತೆಳುಗೊಳಿಸಿದ ಡೀಸೆಲ್ ಹೊಗೆ ಸೇವಿಸಿದರು. ಇನ್ನೊಂದು ದಿನ ಅದೇ ಕೋಣೆ, ಅದೇ ಸೈಕಲ್, ಶುದ್ಧ ಗಾಳಿ. ಹೊಗೆಯ ದಿನ ಇಸಿಜಿಯಲ್ಲಿ ಹೃದಯಕ್ಕೆ ರಕ್ತ ಸಾಲದ ಗುರುತು ಎದ್ದು ಕಾಣುವಷ್ಟು ಹೆಚ್ಚಿತ್ತು. ಹೆಪ್ಪನ್ನು ಕರಗಿಸಲು ನಾಳವೇ ಬಿಡಬೇಕಾದ ವಸ್ತು ಕಡಿಮೆಯಾಗಿತ್ತು. ಹೊಗೆಯ ಸಾಂದ್ರತೆ ಘನ ಮೀಟರಿಗೆ 300 ಮೈಕ್ರೊಗ್ರಾಂ. ಉತ್ತರ ಭಾರತದ ನಗರಗಳಲ್ಲಿ ಚಳಿಗಾಲದ ಕೆಟ್ಟ ದಿನಗಳಲ್ಲಿ ಜನ ಇದನ್ನು ಇಡೀ ದಿನ ಉಸಿರಾಡುತ್ತಾರೆ.

ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಹೃದಯಾಘಾತದಿಂದ ಬದುಕುಳಿದ ಸುಮಾರು 700 ಮಂದಿಯನ್ನು ಅದಕ್ಕೆ ಮುಂಚಿನ ದಿನಗಳ ಗಂಟೆಗಂಟೆಯ ವಿವರ ಕೇಳಿದಾಗ, ವಾಹನ ದಟ್ಟಣೆಯಲ್ಲಿ ಸಿಲುಕಿದ ಒಂದು ಗಂಟೆಯೊಳಗೆ ಆಘಾತದ ಅಪಾಯ ಸುಮಾರು ಮೂರು ಪಟ್ಟು ಇತ್ತೆಂದು ಕಂಡಿತು. ಅದರಲ್ಲಿ ಒತ್ತಡ, ಗದ್ದಲದ ಪಾಲೂ ಇರಬಹುದು. ಇದು ಗಂಟೆಯ ಲೆಕ್ಕವಾದರೆ, ಅಮೆರಿಕದ ಆರು ನಗರ ಪ್ರದೇಶಗಳಲ್ಲಿ ಹತ್ತು ವರ್ಷ ನಡೆದ ‘ಮೆಸಾ ಏರ್’ ಅಧ್ಯಯನದ್ದು ದಶಕದ ಲೆಕ್ಕ. ದೂಳು ಹೆಚ್ಚಿದ ಬಡಾವಣೆಗಳಲ್ಲಿ ವಾಸಿಸುವವರ ಹೃದಯದ ನಾಳಗಳಲ್ಲಿ ಸುಣ್ಣ ಬೇಗ ಬೇಗ ಕಟ್ಟುತ್ತಿತ್ತು. ಆ ಬಡಾವಣೆಗಳ ದೂಳು ನಮ್ಮ ರಾಷ್ಟ್ರೀಯ ಮಿತಿಗಿಂತ ಎಷ್ಟೋ ಕೆಳಗಿತ್ತು ಎಂಬುದನ್ನು ದಯವಿಟ್ಟು ಗಮನಿಸಬೇಕು.

ಮಿತಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಪಿಎಂ 2.5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ವಾರ್ಷಿಕ ಸರಾಸರಿ ಮಿತಿ 5 ಮೈಕ್ರೊಗ್ರಾಂ. ನಮ್ಮ ದೇಶ 2009ರಲ್ಲಿ ಇಟ್ಟುಕೊಂಡದ್ದು 40. ಎಂಟು ಪಟ್ಟು. ನಮ್ಮ ಪತ್ರಿಕೆಗಳಲ್ಲಿ ‘ಗಾಳಿಯ ಗುಣಮಟ್ಟ ತೃಪ್ತಿಕರ’ ಎಂದು ಬರುವುದು ಇಂಥ ದೊಡ್ಡ ಮಿತಿಗಳನ್ನು ಆಧರಿಸಿ. ಆ ಮಾತನ್ನು ಓದಿ ನಮ್ಮ ಜನ ನೆಮ್ಮದಿಯಿಂದ ಪೇಪರ್ ಮಡಿಸಿಡುತ್ತಾರೆ. ‘ನಮ್ಮದೇನು ದೆಹಲಿಯೇ?’ ಎಂಬ ಸಮಾಧಾನ ನಮಗೆ ರೂಢಿಯಾಗಿಬಿಟ್ಟಿದೆ.

ಈ ಸಮಾಧಾನ ಎಷ್ಟು ಪೊಳ್ಳು ಎಂದು 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. 2008ರಿಂದ 2019ರವರೆಗಿನ ಸಾವಿನ ದಾಖಲೆಗಳನ್ನು ಹತ್ತು ಭಾರತೀಯ ನಗರಗಳಲ್ಲಿ ದಿನದಿನದ ದೂಳಿನ ಮಟ್ಟದೊಂದಿಗೆ ಹೊಂದಿಸಿ ನೋಡಿದರು. ಒಟ್ಟು ಹಾನಿ ದೆಹಲಿಯಲ್ಲೇ ಹೆಚ್ಚು, ವರ್ಷಕ್ಕೆ ಸುಮಾರು 12 ಸಾವಿರ ಸಾವು. ಬೆಂಗಳೂರಿನಲ್ಲಿ ಸುಮಾರು 2,100. ಆದರೆ ದೂಳು 10 ಮೈಕ್ರೊಗ್ರಾಂ ಏರಿದರೆ ದೆಹಲಿಯಲ್ಲಿ ದಿನದ ಸಾವು ಏರುವುದು ಶೇ. 0.31, ಬೆಂಗಳೂರಿನಲ್ಲಿ ಶೇ. 3.06. ಹತ್ತು ಪಟ್ಟು. ಕಡಿಮೆ ಮಾಲಿನ್ಯದ ಊರಿನಲ್ಲಿ ಪ್ರತಿ ಹೊಸ ಮೈಕ್ರೊಗ್ರಾಂ ಹೆಚ್ಚು ಏಟು ಕೊಡುತ್ತದೆ. ಹೃದಯದ ವಿಷಯದಲ್ಲಿ ಅಪಾಯದ ಗೆರೆ ಮೊದಲಲ್ಲೇ ಕಡಿದಾಗಿ ಏರಿ, ಆಮೇಲೆ ಮೆಲ್ಲಗಾಗುತ್ತದೆ ಎಂಬುದು ಬೇರೆ ದೇಶಗಳಲ್ಲೂ ಕಂಡ ಸಂಗತಿ. ಇದರ ಇನ್ನೊಂದು ಮುಖ ಆಶಾದಾಯಕ: ನಮ್ಮಂಥ ಊರುಗಳಲ್ಲಿ ಸ್ವಲ್ಪ ದೂಳು ಇಳಿಸಿದರೂ ಉಳಿಯುವ ಜೀವಗಳು ಹೆಚ್ಚು. ದೆಹಲಿಯಾಗುವವರೆಗೆ ಕಾಯುವುದು ಎಷ್ಟು ದೊಡ್ಡ ತಪ್ಪು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ಇಳಿಸಿದರೆ ನಿಜಕ್ಕೂ ಲಾಭವಿದೆಯೇ? 2008ರ ಒಲಿಂಪಿಕ್ಸ್‌ಗಾಗಿ ಬೀಜಿಂಗ್ ಆಡಳಿತ ಕಾರ್ಖಾನೆ ಮುಚ್ಚಿಸಿ, ಸಮ ಬೆಸ ಸಂಖ್ಯೆಯ ಕಾರುಗಳನ್ನು ದಿನ ಬಿಟ್ಟು ದಿನ ಬಿಟ್ಟಿತು. ಸೂಕ್ಷ್ಮ ದೂಳು ಸುಮಾರು ಕಾಲುಭಾಗ ಇಳಿಯಿತು. ಆ ವೇಳೆ 125 ಯುವ ವೈದ್ಯರ ರಕ್ತವನ್ನು ಕ್ರೀಡೆಗೆ ಮುಂಚೆ, ನಡುವೆ, ನಂತರ ಪರೀಕ್ಷಿಸಲಾಯಿತು. ಆರೋಗ್ಯವಂತರು, ಸಿಗರೇಟು ಸೇದದವರು. ರಕ್ತ ಹೆಪ್ಪುಗಟ್ಟುವುದನ್ನು ಸೂಚಿಸುವ ಒಂದು ಅಂಶ ಮೂರನೆಯ ಒಂದು ಪಾಲಿನಷ್ಟು ಇಳಿದಿತ್ತು. ಕ್ರೀಡೆ ಮುಗಿದು ಕಾರುಗಳು ಬೀದಿಗಿಳಿದ ಮೇಲೆ ಅಂಕಿಗಳು ಮತ್ತೆ ಮೇಲೇರತೊಡಗಿದವು. ಇಲ್ಲಿ ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. 1990ರಲ್ಲಿ ಡಬ್ಲಿನ್ ನಗರ ಹೊಗೆಯ ಕಲ್ಲಿದ್ದಲ ಮಾರಾಟ ನಿಷೇಧಿಸಿದ ಮೇಲೆ ಹೃದ್ರೋಗದ ಸಾವು ಶೇ. 10 ಇಳಿಯಿತೆಂದು ಬಹಳ ಕಡೆ ಉದಾಹರಿಸುತ್ತಾರೆ. ಅದೇ ತಂಡ ಮುಂದೆ ಮತ್ತೆ ಲೆಕ್ಕ ಹಾಕಿದಾಗ, ಹೃದ್ರೋಗ ದೇಶದಾದ್ಯಂತ ಇಳಿಯುತ್ತಲೇ ಇತ್ತು, ನಿಷೇಧದ ಪಾಲು ಖಚಿತವಲ್ಲ ಎಂದು ಒಪ್ಪಿಕೊಂಡಿತು. ಉಸಿರಾಟದ ಕಾಯಿಲೆಯ ಸಾವು ಇಳಿದದ್ದು ಮಾತ್ರ ನಿಂತಿತು. ನಮ್ಮ ವಾದಕ್ಕೆ ಅನುಕೂಲ ಎಂದು ಸಡಿಲವಾದ ಅಂಕಿಯನ್ನು ಹಿಡಿದುಕೊಳ್ಳಬಾರದು. ಗಟ್ಟಿಯಾದವೇ ಬೇಕಾದಷ್ಟಿವೆ.

ಹೊರಗಿನ ಗಾಳಿಯಷ್ಟೇ ಅಲ್ಲ, ಒಳಗಿನದನ್ನೂ ನೋಡೋಣ. ಹೈದರಾಬಾದ್ ಸುತ್ತಲಿನ 28 ಹಳ್ಳಿಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಕತ್ತಿನ ರಕ್ತನಾಳದ ಗೋಡೆಯನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದರು. ದೂಳು ಹೆಚ್ಚಿದಲ್ಲಿ, ಅದರಲ್ಲೂ ನಲವತ್ತು ದಾಟಿದವರಲ್ಲಿ, ಗೋಡೆ ದಪ್ಪವಾಗಿತ್ತು. ಸೌದೆ ಒಲೆಯಲ್ಲಿ ಅಡುಗೆ ಮಾಡುವ ಹೆಂಗಸರಲ್ಲೂ ಹಾಗೇ. ಬೀಡಿ ಮುಟ್ಟದ, ಗದ್ದೆ ಕೆಲಸ ಮಾಡಿ ಮೈ ದಂಡಿಸಿದ ಹೆಂಗಸರು ಇವರು. 2016ರ ಉಜ್ವಲ ಯೋಜನೆಯಿಂದ ಗ್ಯಾಸ್ ಮನೆಮನೆಗೆ ಬಂತು, ಒಳ್ಳೆಯದಾಯಿತು. ಆದರೆ ನಮ್ಮ ಹಳ್ಳಿಗಳಲ್ಲಿ ಸ್ವಲ್ಪ ಸುತ್ತಾಡಿ ನೋಡಿ. ಚಹಾ, ಉಪ್ಪಿಟ್ಟು ಗ್ಯಾಸಿನ ಮೇಲೆ. ರೊಟ್ಟಿ, ಮುದ್ದೆ, ದನದ ಕಲಗಚ್ಚು ಸೌದೆ ಒಲೆಯ ಮೇಲೆ. ಬಚ್ಚಲಿನ ಹಂಡೆ ಒಲೆಗೆ ತೆಂಗಿನ ಗರಿ, ಕಾಯಿಸಿಪ್ಪೆ, ಕೆಲವು ಕಡೆ ಪ್ಲಾಸ್ಟಿಕ್ ಕವರು ಕೂಡ. ಸಿಲಿಂಡರ್ ಮನೆಯಲ್ಲಿದೆ ಎಂದ ಮಾತ್ರಕ್ಕೆ ಹೊಗೆ ಮನೆ ಬಿಟ್ಟಿಲ್ಲ.

ಈ ಊರಿನ ಮಾತಿಗೆ ಬರುತ್ತೇನೆ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾದಾಗ ಮಿತಿ ಮೀರಿದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರಿದ್ದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ವಾಹನದ ಹೊಗೆ, ರಸ್ತೆ ದೂಳು ಎಲ್ಲ ಊರಿಗೂ ಸಮಾನ. ನಮಗೆ ವಿಶೇಷವಾದದ್ದು ಮಂಡಕ್ಕಿ ಭಟ್ಟಿ. ಇಡೀ ರಾಜ್ಯ ಬಾಯಿ ಚಪ್ಪರಿಸುವ ಮಂಡಕ್ಕಿ ಅರಳುವುದು ಕಾದ ಮರಳಿನಲ್ಲಿ. ಆ ಮರಳು ಕಾಯಬೇಕಾದರೆ ಕೆಳಗೆ ಗಂಟೆಗಟ್ಟಲೆ ಬೆಂಕಿ ಉರಿಯಬೇಕು. ಭತ್ತದ ಹೊಟ್ಟು, ಸೌದೆ ಸಾಲದಾದಾಗ ಅಗ್ಗಕ್ಕೆ ಸಿಗುವ ಹಳೇ ಟಯರ್ ಉರಿಸುವ ಬಗ್ಗೆ ದೂರುಗಳು ಇಂದಿನದಲ್ಲ. ತಗ್ಗು ಮಾಡಿನ ಕೆಳಗೆ, ಬಾಣಲೆಯ ಮುಂದೆ ನಿಂತು ಮರಳು ತಿರುವುವವರು, ಜರಡಿ ಹಿಡಿಯುವವರು, ಚೀಲ ತುಂಬುವವರು ಬಡವರು, ಅವರಲ್ಲಿ ಹೆಂಗಸರೂ ಇದ್ದಾರೆ. ಟಯರ್ ಹೊಗೆಯಲ್ಲಿ ಮಸಿ ಇದೆ, ಗಂಧಕವಿದೆ, ಸತುವಿನಂಥ ಲೋಹಗಳಿವೆ. ಅವರಿಗೆ ಎದೆ ಹಿಡಿದರೆ ನಾವು ‘ಗ್ಯಾಸ್ಟ್ರಿಕ್’ ಮಾತ್ರೆ ಬರೆದು ಕಳಿಸುತ್ತೇವೆ. ಭಟ್ಟಿ ಮುಚ್ಚಿಸಿ ಎಂದು ನಾನು ಹೇಳುತ್ತಿಲ್ಲ. ಭಟ್ಟಿ ಮುಚ್ಚಿದರೆ ಅವರ ಒಲೆಯೇ ಆರುತ್ತದೆ. ಟಯರ್ ನಿಲ್ಲಬೇಕು, ಎತ್ತರದ ಹೊಗೆ ಕೊಳವೆ ಬೇಕು, ಗ್ಯಾಸ್ ಅಥವಾ ಒಳ್ಳೆಯ ಒಲೆಗೆ ಮಾಲೀಕರಿಗೆ ಸಾಲ ಸಹಾಯ ಸಿಗಬೇಕು.

ಒಬ್ಬೊಬ್ಬರೂ ಮಾಡಿಕೊಳ್ಳಬಹುದಾದದ್ದು ಸ್ವಲ್ಪವಿದೆ. ಎದೆ ರೋಗವಿದ್ದವರು ಬೆಳಗಿನ ವಾಕಿಂಗನ್ನು ಹೆದ್ದಾರಿ ಬದಿಯಿಂದ ಪಾರ್ಕಿಗೆ ಬದಲಾಯಿಸಬೇಕು, ದೂಳಿನ ದಿನ ಎನ್ 95 ಮಾಸ್ಕ್ ಹಾಕಬೇಕು. ಬೀಜಿಂಗ್‌ನ ಹೃದ್ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಒಳ್ಳೆಯ ಮಾಸ್ಕ್ ಹಾಕಿ ನಡೆದಾಗ ಬಿಪಿ ಇಳಿದದ್ದು ದಾಖಲಾಗಿದೆ. ಮನೆ ಮುಂದೆ ಕಸ ಸುಡಬಾರದು. ಬಿಪಿ, ಶುಗರ್, ಕೊಲೆಸ್ಟರಾಲ್ ಮಾತ್ರೆ ತಪ್ಪಿಸಬಾರದು, ಯಾಕೆಂದರೆ ಹೊಗೆ ಮೊದಲು ಬೀಳಿಸುವುದು ಈಗಾಗಲೇ ಕೆಟ್ಟ ನಾಳವನ್ನು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾನು ಮತ್ತೆ ರೋಗಿಯ ಮೇಲೇ ಹೊಣೆ ಹೊರಿಸಿದ ಹಾಗಾಗುತ್ತದೆ. ಗಾಳಿ ಮನೆಮನೆಯ ಸ್ವತ್ತಲ್ಲ. 1991ರಲ್ಲೇ ಸುಭಾಷ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಶುದ್ಧ ಗಾಳಿ ನೀರು ಬದುಕುವ ಹಕ್ಕಿನ ಭಾಗ ಎಂದಿದೆ. ಸಿಟಿ ಬಸ್ಸು ಹೆಚ್ಚಿಸುವುದು, ಹಳೇ ಡೀಸೆಲ್ ಗಾಡಿ ಕಡಿಮೆ ಮಾಡುವುದು, ರಸ್ತೆಯಂಚಿನ ಮಣ್ಣು ತೆಗೆಯುವುದು, ಕಸಕ್ಕೆ ಬೆಂಕಿ ಬೀಳದಂತೆ ನೋಡುವುದು, ಇವು ಪಾಲಿಕೆಯ ಆಡಳಿತದ ಕೆಲಸವೆಂದು ಕಾಣುತ್ತವೆ. ನನ್ನ ಮಟ್ಟಿಗೆ ಇವು ಹೃದ್ರೋಗ ಚಿಕಿತ್ಸೆಯೇ. ಒಂದು ಸ್ಟೆಂಟ್ ಒಂದು ನಾಳವನ್ನು ತೆರೆಯುತ್ತದೆ, ಒಂದು ಒಳ್ಳೆಯ ಬಸ್ ವ್ಯವಸ್ಥೆ ಇಡೀ ಊರಿನ ನಾಳಗಳನ್ನು ಕಾಯುತ್ತದೆ.

ಇಲ್ಲಿ ಕುಳಿತಿರುವ ವೈದ್ಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ಎದೆನೋವೆಂದು ಬಂದವರ ಕೇಸ್ ಶೀಟಿನಲ್ಲಿ ಬೀಡಿ, ಕುಡಿತದ ಕೆಳಗೆ ಮೂರು ಸಾಲು ಸೇರಿಸಿ: ಮನೆಯಲ್ಲಿ ಯಾವ ಒಲೆ, ಕೆಲಸ ಎಲ್ಲಿ, ಮನೆ ಯಾವ ರಸ್ತೆಯ ಪಕ್ಕ. ಬರೆದದ್ದನ್ನು ವರ್ಷಕ್ಕೊಮ್ಮೆ ಒಟ್ಟುಗೂಡಿಸಿ ಪಾಲಿಕೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೊಡಿ. ಈ ಊರಿನ ಹೃದ್ರೋಗಿಗಳ ಪಟ್ಟಿ ಅವರ ಮೇಜಿನ ಮೇಲೆ ಇರಲಿ.